ಥರ್ಮೋಪಿಲೆಯ ಬಿಸಿನೀರು

ನಮಸ್ಕಾರ ಕೇಳುಗರೇ.

ಕಾರಿನ ಕಿಟಕಿ ಇಳಿಸಿದ ಕೂಡಲೇ ಮೂಗಿಗೆ ಬಡಿದದ್ದು ಕೊಳೆತ ಮೊಟ್ಟೆಯ ವಾಸನೆ. ಗಂಧಕದ ನೀರು ಹತ್ತಿರದಲ್ಲೇ ಇದೆ ಅಂತ ಗೊತ್ತಾಯಿತು. ಗ್ರೀಸಿನ ಅಥೆನ್ಸ್‌ನಿಂದ ಉತ್ತರಕ್ಕೆ, ಲಾಮಿಯಾ ಪಟ್ಟಣದ ದಾರಿಯಲ್ಲಿ ಸುಮಾರು 200 ಕಿಲೋಮೀಟರ್ ಹೋದರೆ ಥರ್ಮೋಪಿಲೆ ಸಿಗುತ್ತದೆ. ಕ್ರಿಸ್ತಪೂರ್ವ 480ರಲ್ಲಿ ಸ್ಪಾರ್ಟಾದ ರಾಜ ಲಿಯೋನಿಡಾಸ್ ಪರ್ಷಿಯಾದ ದೊಡ್ಡ ಸೈನ್ಯವನ್ನು ಮೂರು ದಿನ ತಡೆದು ನಿಲ್ಲಿಸಿ ಪ್ರಾಣ ಬಿಟ್ಟ ಜಾಗ.

ಅಲ್ಲಿಗೆ ಬರುವ ಹೆಚ್ಚಿನವರು ಲಿಯೋನಿಡಾಸ್‌ನ ಕಂಚಿನ ಪ್ರತಿಮೆ ಮುಂದೆ ಇಳಿದು, ಫೋಟೋ ತೆಗೆದುಕೊಂಡು, ಮತ್ತೆ ಬಸ್ ಹತ್ತಿಬಿಡುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ. ಯಾಕಂದ್ರೆ ಆ ಜಾಗಕ್ಕೆ ಹೆಸರು ಬಂದದ್ದು ರಾಜನಿಂದಲ್ಲ, ನೀರಿನಿಂದ. ಥರ್ಮೋ ಅಂದರೆ ಬಿಸಿ, ಪಿಲೆ ಅಂದರೆ ಬಾಗಿಲು. ಬಿಸಿನೀರಿನ ಬಾಗಿಲು. ಆ ನೀರು ಪ್ರತಿಮೆಯಿಂದ ಸ್ವಲ್ಪವೇ ದೂರದಲ್ಲಿ, ಬೆಟ್ಟದ ಬುಡದಲ್ಲಿ ಇವತ್ತಿಗೂ ಹರಿಯುತ್ತಿದೆ.

ಆ ಕಾಲದಲ್ಲಿ ಒಂದು ಕಡೆ ಕಾಲಿಡ್ರೊಮೋ ಬೆಟ್ಟ, ಇನ್ನೊಂದು ಕಡೆ ಸಮುದ್ರ. ನಡುವೆ ಕೆಲವು ಕಡೆ ಒಂದೇ ಒಂದು ಬಂಡಿ ಹೋಗುವಷ್ಟು ದಾರಿ. ಇತಿಹಾಸಕಾರ ಹೆರೊಡೊಟಸ್ ಈ ಬುಗ್ಗೆಗಳ ಬಗ್ಗೆಯೂ ಬರೆದಿದ್ದಾನೆ. ಅಲ್ಲಿನ ಜನ ಅವನ್ನು ಮಡಕೆಗಳು ಅಂತ ಕರೆಯುತ್ತಿದ್ದರಂತೆ. ನಮ್ಮವರಾಗಿದ್ದರೆ ಬಚ್ಚಲಮನೆ ನೆನಪಾಗಿ ಹಂಡೆ ಅನ್ನುತ್ತಿದ್ದರೇನೋ! ಅವನು ಹೇಳುವ ಇನ್ನೊಂದು ಸಂಗತಿ ಓದಿ ನಾನು ಪುಸ್ತಕ ಮಡಚಿ ಸುಮ್ನೆ ಕೂತುಬಿಟ್ಟಿದ್ದೆ. ಈ ಯುದ್ಧಕ್ಕೂ ಮುಂಚೆ ಫೋಕಿಸ್ ನಾಡಿನವರು ಥೆಸಲಿಯವರ ದಾಳಿ ತಡೆಯಲು ಇಲ್ಲಿ ಅಡ್ಡಗೋಡೆ ಕಟ್ಟಿದ್ದರು. ಅಷ್ಟು ಸಾಲದು ಅಂತ ಬಿಸಿನೀರನ್ನು ದಾರಿಗೇ ಹರಿಬಿಟ್ಟರು, ನೆಲ ಕೊರೆದು ಹಳ್ಳ ಬೀಳಲಿ, ಶತ್ರುಗಳಿಗೆ ನುಗ್ಗಲು ಆಗದಿರಲಿ ಅಂತ. ನೀರೇ ಆಯುಧ! ಲಿಯೋನಿಡಾಸ್‌ನ ಕಡೆಯವರು ಹೋರಾಡಿದ್ದು ಅದೇ ಗೋಡೆಯನ್ನು ದುರಸ್ತಿ ಮಾಡಿಕೊಂಡು.

ಯುದ್ಧದ ಕಥೆ ನಿಮಗೆಲ್ಲ ಗೊತ್ತಿರಬಹುದು. ಎಫಿಯಾಲ್ಟಿಸ್ ಅನ್ನುವವನು ಬೆಟ್ಟದ ಕಾಲುದಾರಿ ತೋರಿಸಿದ, ಪರ್ಷಿಯಾದವರು ಹಿಂದಿನಿಂದ ಬಂದರು. 300 ಸ್ಪಾರ್ಟಾದವರು ಅಂತ ಲೋಕವೆಲ್ಲ ಹೇಳುತ್ತದೆ. ಅವರ ಜೊತೆ ಥೆಸ್ಪಿಯೆ ಊರಿನ 700 ಜನ ತಾವಾಗಿಯೇ ಉಳಿದು ಸತ್ತರು, ಅವರನ್ನೂ ನೆನೆಯಬೇಕು ಅಲ್ವಾ? ಅವರಿಗೆ ಅಲ್ಲಿ ಸ್ಮಾರಕ ಬಂದದ್ದು 1997ರಲ್ಲಿ. ಲಿಯೋನಿಡಾಸ್‌ನ ಪ್ರತಿಮೆ 1955ರದು.

ರಸ್ತೆ ದಾಟಿದರೆ ಕೊಲೊನೋಸ್ ಅನ್ನುವ ಪುಟ್ಟ ಗುಡ್ಡ. ಉಳಿದವರು ಕೊನೆಗೆ ಹೋರಾಡಿದ್ದು ಅಲ್ಲೇ. 1939ರಲ್ಲಿ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ ಅಗೆದಾಗ ಅಲ್ಲಿ ರಾಶಿ ರಾಶಿ ಬಾಣದ ತುದಿಗಳು ಸಿಕ್ಕವು. ಮೇಲೆ ನಿಂತು ಸಮುದ್ರ ಹುಡುಕಿದೆ. ಕಾಣಿಸಿದ್ದು ಬರೀ ಹೊಲಗಳು. ಸ್ಪೆರ್ಖಿಯೋಸ್ ನದಿ ಎರಡೂವರೆ ಸಾವಿರ ವರ್ಷ ಮಣ್ಣು ತಂದು ಹಾಕಿ ಸಮುದ್ರವನ್ನು ಕಿಲೋಮೀಟರುಗಟ್ಟಲೆ ಹಿಂದಕ್ಕೆ ತಳ್ಳಿದೆ. ಬಿಸಿನೀರೂ ಸುಮ್ನೆ ಕೂತಿಲ್ಲ. ಅದರಲ್ಲಿ ಕರಗಿರುವ ಸುಣ್ಣ ಪದರ ಪದರವಾಗಿ ಕಲ್ಲಾಗುತ್ತಾ ನೆಲವನ್ನು ಎತ್ತರಿಸಿದೆ. ಆ ಯೋಧರು ನಿಂತ ನೆಲ ಈಗ ಎಷ್ಟೋ ಮೀಟರ್ ಕೆಳಗಿದೆ. ಹೆಸರು ಕೊಟ್ಟ ನೀರೇ ಆ ರಣರಂಗವನ್ನು ಹೊದಿಸಿ ಮಲಗಿಸಿದೆ.

ಕೊನೆಗೆ ನೀರಿನ ಹತ್ತಿರ ಹೋದೆ. ನೀಲಿಗೆ ಸ್ವಲ್ಪ ಹಾಲು ಬೆರೆಸಿದ ಹಾಗೆ ಬಣ್ಣ. ಎರಡನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಯಾತ್ರಿಕ ಪೌಸೇನಿಯಸ್, ತಾನು ಕಂಡದ್ದರಲ್ಲೇ ಅತಿ ನೀಲಿ ನೀರು ಇದು ಅಂತ ಬರೆದಿಟ್ಟಿದ್ದಾನೆ. ಒಂದು ಕಡೆ ನೀರು ಸಣ್ಣ ಜಲಪಾತವಾಗಿ ಧುಮುಕುತ್ತದೆ. ಬಿಸಿ ಸುಮಾರು 40 ಡಿಗ್ರಿ, ಎಣ್ಣೆ ಸ್ನಾನದ ನೀರಿನಷ್ಟು. ಬೆನ್ನು ಕೊಟ್ಟು ನಿಂತರೆ ಹೆಗಲಿನ ನೋವೆಲ್ಲ ಸಡಿಲವಾದ ಹಾಗೆ ಆಗುತ್ತದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಮೊಣಕಾಲಿಗೆ ಬೊಗಸೆ ಬೊಗಸೆ ನೀರು ಸುರಿದುಕೊಳ್ಳುತ್ತಿದ್ದರು. ನನ್ನನ್ನು ನೋಡಿ, ಇನ್ನೂ ಒಳಗೆ ಬಾ ಅಂತ ಕೈಸನ್ನೆ ಮಾಡಿದರು.

ಹೋಗುವವರಿಗೆ ಒಂದೆರಡು ಮಾತು. ಕಲ್ಲು ಪಾಚಿಗಟ್ಟಿ ಜಾರುತ್ತದೆ, ರಬ್ಬರ್ ಚಪ್ಪಲಿ ಇರಲಿ. ಬಿಸಿ ಜಾಸ್ತಿ ಅನ್ನಿಸಿದರೆ ಬೇಗ ಎದ್ದುಬಿಡಿ. ಬೆಳ್ಳಿ ಒಡವೆ ತೆಗೆದಿಡಿ. ನಾನು ತೆಗೆದಿರಲಿಲ್ಲ, ಕಾಲುಂಗುರ ಇದ್ದಿಲಿನಂತೆ ಕಪ್ಪಾಯಿತು. ಮನೆಗೆ ಬಂದು ವಿಭೂತಿ ಹಾಕಿ ಒಂದನ್ನು ಉಜ್ಜಿದೆ, ಬೆಳ್ಳಗಾಯಿತು. ಇನ್ನೊಂದನ್ನು ಹಾಗೇ ಬಿಟ್ಟಿದ್ದೇನೆ.

ನಮಸ್ಕಾರ.