ಎರವಲು ತಂದ ಪುಸ್ತಕ, ಕೈಯಲ್ಲಿ ಹಿಡಿದ ಕೆಲಸ

ಕೇಳುಗರಿಗೆ ನಮಸ್ಕಾರ. ಕಥೆ, ಕಾದಂಬರಿಗಳನ್ನು ಗ್ರಂಥಾಲಯದಿಂದ ತಪ್ಪದೆ ತರುವವರಲ್ಲಿಯೂ ಅನೇಕರು ಅಡುಗೆಯ ಮತ್ತು ಕೈಕೆಲಸದ ಪುಸ್ತಕಗಳ ಕಪಾಟಿನತ್ತ ಸುಳಿಯುವುದಿಲ್ಲ. ಅಂಥ ಪುಸ್ತಕ ಸದಾ ಮನೆಯಲ್ಲಿದ್ದರೆ ಮಾತ್ರ ಉಪಯೋಗ ಎಂದು ಅವರು ಭಾವಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಕಾದಂಬರಿಯ ಗುಣವನ್ನು ಹತ್ತು ಪುಟ ಓದಿ ಊಹಿಸಬಹುದು. ಅಡುಗೆಯ ಪುಸ್ತಕದ ಗುಣ ಒಲೆಯ ಮುಂದೆಯೇ ತಿಳಿಯಬೇಕು, ಹೆಣಿಗೆಯ ಪುಸ್ತಕದ ಗುಣ ಕಡ್ಡಿ ಹಿಡಿದಾಗಲೇ ತಿಳಿಯಬೇಕು. ಆ ಪರೀಕ್ಷೆಗೆ ಅವಕಾಶ ಕೊಡುವುದು ಎರವಲು.

ಮೊದಲು ಹುಡುಕುವ ಮಾತು. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ಪುಸ್ತಕಗಳಿಗೆ ವಿಷಯಕ್ಕೆ ತಕ್ಕ ಸಂಖ್ಯೆ ಕೊಡುವ ದಶಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಅಡುಗೆ 641.5ರಲ್ಲಿಯೂ, ಬಟ್ಟೆ ಹೊಲಿಗೆ 646ರಲ್ಲಿಯೂ ಇದ್ದರೆ, ಕಸೂತಿ ಮತ್ತು ಹೆಣಿಗೆ ಕಲೆಯ ವಿಭಾಗದ 746ರಲ್ಲಿ ಇರುತ್ತವೆ. ಒಂದೇ ಸೂಜಿದಾರದ ಕೆಲಸ ಹೀಗೆ ಎರಡು ಕಡೆ ಹಂಚಿಹೋಗಿರುವುದರಿಂದ, ಒಂದು ಕಪಾಟನ್ನು ನೋಡಿ ನಿರಾಶರಾಗಿ ಹಿಂದಿರುಗಬಾರದು.

ಪುಸ್ತಕ ತಂದ ಮೇಲೆ ಚಿತ್ರಗಳಿಗೆ ಮರುಳಾಗುವ ಮುನ್ನ ಅಳತೆಗಳ ಪುಟವನ್ನು ಓದಬೇಕು. ಮೆಟ್ರಿಕ್ ಕಪ್ಪು 250 ಮಿಲಿಲೀಟರ್, ಅಮೆರಿಕದ ಕಪ್ಪು ಸುಮಾರು 237. ದೊಡ್ಡ ಚಮಚ ಹೆಚ್ಚಿನ ಕಡೆ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯದಲ್ಲಿ 20. ಕ್ರೋಶಾ, ಅಂದರೆ ಒಂದೇ ಕೊಕ್ಕೆಕಡ್ಡಿಯಿಂದ ಹೆಣೆಯುವ ಕೆಲಸದ ಪುಸ್ತಕಗಳಲ್ಲಿ ಗೊಂದಲ ಇನ್ನೂ ಹೆಚ್ಚು: ಅಮೆರಿಕದವರು ಸಿಂಗಲ್ ಕ್ರೋಶಾ ಎನ್ನುವ ಹೊಲಿಗೆಯನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಎನ್ನುತ್ತಾರೆ. ತಾನು ಯಾವ ಪದ್ಧತಿಯನ್ನು ಅನುಸರಿಸುತ್ತೇನೆಂದು ಆರಂಭದಲ್ಲಿಯೇ ಹೇಳದ ಪುಸ್ತಕವನ್ನು ನಾನು ನಂಬುವುದಿಲ್ಲ. ಹೆಣಿಗೆಯಲ್ಲಿ ತುಂಡೊಂದನ್ನು ಹೆಣೆದು ನೋಡುವುದನ್ನಂತೂ ಬಿಡಲೇಬಾರದು. ಹತ್ತು ಸೆಂಟಿಮೀಟರಿಗೆ 22 ಕುಣಿಕೆ ಬರಬೇಕೆಂದು ಪುಸ್ತಕ ಹೇಳಿ, ನಮ್ಮ ಕೈಗೆ 20 ಬಂದರೆ, 220 ಕುಣಿಕೆಗಳ ಉಡುಪಿನ ಸುತ್ತಳತೆ ನೂರು ಸೆಂಟಿಮೀಟರಿನ ಬದಲು ನೂರಹತ್ತಾಗುತ್ತದೆ.

ಅವಧಿಯೊಳಗೆ ಪುಸ್ತಕವನ್ನೆಲ್ಲ ಮುಗಿಸುವ ಆತುರ ಬೇಡ. ಒಂದೇ ಪಾಕವನ್ನೋ ಒಂದೇ ವಿನ್ಯಾಸವನ್ನೋ ಆರಿಸಿ, ಲೇಖಕರು ಹೇಳಿದಂತೆಯೇ, ಯಾವುದನ್ನೂ ಬದಲಿಸದೆ ಮಾಡಿ ನೋಡುವುದು ಒಳ್ಳೆಯದು. ನಾವೇ ಬದಲಾಯಿಸಿ ಮಾಡಿದ ಅಡುಗೆ ಕೆಟ್ಟರೆ ಪುಸ್ತಕವನ್ನು ದೂರಲಾಗದು. ಪುಸ್ತಕವನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕೆನಿಸಿದರೆ, ಅದನ್ನು ಕೊಳ್ಳುವ ಕಾಲ ಬಂದಿದೆಯೆಂದು ನಾನು ತಿಳಿಯುತ್ತೇನೆ.

ಈ ಪುಸ್ತಕಗಳಿಗೆ ಉಳಿದ ಪುಸ್ತಕಗಳಿಗಿಂತ ಹೆಚ್ಚು ಅಪಾಯವಿದೆ. ಒಲೆಯ ಪಕ್ಕದಲ್ಲಿ ತೆರೆದಿಟ್ಟರೆ ಎಣ್ಣೆಯ ಕಲೆ ತಪ್ಪದು. ಬೇಕಾದ ಪಾಕವನ್ನು ಚೀಟಿಯೊಂದರಲ್ಲಿ ಬರೆದುಕೊಂಡು, ಪುಸ್ತಕವನ್ನು ಅಡುಗೆಮನೆಯ ಹೊರಗೇ ಇಡುವುದು ಲೇಸು. ಹೊಲಿಗೆಯ ಪುಸ್ತಕಗಳ ಹಿಂಬದಿಯ ಚೀಲದಲ್ಲಿ ಮಡಿಸಿಟ್ಟ ಮಾದರಿ ಹಾಳೆಗಳಿರುತ್ತವೆ. ಅವನ್ನು ಎಂದೂ ಕತ್ತರಿಸದೆ, ತೆಳುವಾದ ಕಾಗದವನ್ನು ಮೇಲಿಟ್ಟು ಗೆರೆ ತೆಗೆದುಕೊಳ್ಳಬೇಕು. ನಾನೊಮ್ಮೆ ತಂದ ಪುಸ್ತಕದಲ್ಲಿ ತೋಳಿನ ಹಾಳೆಯೇ ಇರಲಿಲ್ಲ. ಬಟ್ಟೆಯ ಉಳಿದ ಭಾಗಗಳನ್ನೆಲ್ಲ ಕತ್ತರಿಸಿದ ಮೇಲೆ ಅದು ತಿಳಿದು, ಆ ಬಟ್ಟೆ ಹಾಗೆಯೇ ಉಳಿಯಿತು. ಅಂದಿನಿಂದ ಪುಸ್ತಕ ಪಡೆಯುವಾಗಲೂ ಮರಳಿಸುವಾಗಲೂ ಗ್ರಂಥಪಾಲಕರ ಮೇಜಿನ ಬಳಿಯೇ ನಿಂತು, ಹಾಳೆಗಳನ್ನು ಒಂದೊಂದಾಗಿ ಎಣಿಸುತ್ತೇನೆ.