ಭೀಮಾ ತೀರ ಅಂದ್ಕೂಡ್ಲೆ ಬೆರಳು ಪಿಸ್ತೂಲಾಗ್ತಾವ

ನಮಸ್ಕಾರ್ರೀ. ಬೆಂಗಳೂರಾಗ ಒಮ್ಮೆ ಬಾಡಿಗಿ ಮನಿ ನೋಡಾಕ ಹೋಗಿದ್ದೆ. ಮನಿ ಮಾಲಕರು ‘ಯಾವೂರು?’ ಅಂದ್ರು. ‘ವಿಜಯಪುರ ಜಿಲ್ಲಾರೀ, ಇಂಡಿ ಕಡೆ’ ಅಂದೆ. ನಕ್ಕೋತ ಎರಡು ಬೆರಳು ಪಿಸ್ತೂಲಿನಂಗ ಹಿಡದು ‘ಓ, ಭೀಮಾ ತೀರ!’ ಅಂದ್ರು. ಮನಿ ಸಿಗಲಿಲ್ಲ. ಇರ್ಲಿ ಬಿಡ್ರಿ, ಅಡ್ವಾನ್ಸೂ ನನ್ನ ಕೈಗೆ ನಿಲುಕೂವಂಥಾದ್ದಿರಲಿಲ್ಲ.

ಅವರು ನಮ್ಮ ಭೀಮಾ ಹೊಳಿ ಕಣ್ಣಿಲೆ ಕಂಡವರಲ್ಲ. ಓದಿದ್ದರು, ಅಷ್ಟ. ಕ್ರೈಂ ಬರವಣಿಗೆಯ ತಾಕತ್ತು ನೋಡ್ರಿ: ‘ಭೀಮಾ ತೀರದ ಹಂತಕರು’ ಅನ್ನೂ ಒಂದ ಮಾತು ಒಂದು ಹೊಳಿಯ ಎರಡೂ ದಂಡಿಗೆ ಅಂಟಿಕೊಂಡು ಕುಂತೈತಿ. ಇದ ಹೊಳಿ ಸೀಮಿಯ ಹಲಸಂಗಿಯೊಳಗ ಗೆಳೆಯರ ಗುಂಪೊಂದು ಹೆಣ್ಮಕ್ಕಳ ಬೀಸುಕಲ್ಲಿನ ಹಾಡು ಕೂಡಿಸಿ 1931ರಾಗ ಪುಸ್ತಕ ತಂದಿತ್ತು. ಆ ಹಾಡು ಕೇಳಿ ಯಾರೂ ನಮಗ ಮನಿ ಕೊಟ್ಟಿಲ್ಲ.

ಹಂಗಂತ ನಾ ಸಾಚಾ ಅಲ್ರೀ. ಸಣ್ಣಾವಿದ್ದಾಗ ಕಟಿಂಗ್ ಅಂಗಡ್ಯಾಗ ಪಾಳಿ ಬಂದ್ರೂ ಏಳತಿರಲಿಲ್ಲ, ಪೇಪರಿನ ಕೊಲಿ ಸುದ್ದಿ ಮುಗೀಬೇಕಲ್ಲ! ಎಫ್‌ಐಆರ್, ಪಂಚನಾಮಾ, ಜಾಮೀನು ಅನ್ನೂ ಶಬ್ದ ನಾ ಕಲತದ್ದು ಅಲ್ಲೇ, ಸಾಲ್ಯಾಗಲ್ಲ. ಅದು ಸಣ್ಣ ಉಪಕಾರ ಅಲ್ಲ. ಆದ್ರ ಓದಿ ಎದ್ದಾಗ ತಲಿಯೊಳಗ ಉಳೀತಿದ್ದವರು ಇಬ್ಬರ: ಕೊಂದಾವ, ಅವನ್ನ ಹೊಡದ ಪೊಲೀಸ್ ಸಾಹೇಬ. ಸತ್ತವನ ಹೆಸರು ಮರುದಿನ ನೆನಪಿರತಿರಲಿಲ್ಲ.

2017ರ ಅಕ್ಟೋಬರ್‌ದಾಗ ಚಡಚಣ ಸೀಮಿಯೊಳಗ ಎನ್‌ಕೌಂಟರ್ ಆತು, ಒಬ್ಬ ಸತ್ತ. ‘ಪಾತಕಿಯ ಅಂತ್ಯ’ ಅಂತ ಮಂದಿ ಹುರುಪಿಲೆ ಮಾತಾಡಿದ್ರು. ನಾನೂ ವಾಟ್ಸಾಪ್‌ನಾಗ ಮುಂದ ಕಳಿಸಿದವನ. ಅವನ ಒಡಹುಟ್ಟಿದವ ಎಲ್ಲಿ ಹೋದ ಅಂತ ನಾ ಕೇಳಲಿಲ್ಲ. ಪೊಲೀಸರು ಅವನ್ನ ವೈರಿಗಳ ಕೈಗೆ ಒಪ್ಪಿಸಿದ್ರು, ಅಲ್ಲಿ ಕೊಲಿ ಆತು ಅನ್ನೂ ಆರೋಪದ ಮ್ಯಾಲ 2018ರಾಗ ಸಿಐಡಿ ಬಂದು ಪೊಲೀಸರನ್ನ ಬಂಧಿಸ್ತು. ಆರೋಪ ಅಂತೀನಿ, ತೀರ್ಪಲ್ಲ. ಆದ್ರ ನಾವು ಚಪ್ಪಾಳಿ ಬಡದಿದ್ದೂ ತೀರ್ಪು ನೋಡಿ ಅಲ್ಲಲ್ಲ?

2014ರಾಗ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವಿಗೆ 16 ಸೂಚನಾ ಕೊಟ್ಟೈತಿ. ಎಫ್‌ಐಆರ್ ಆಗಬೇಕು, ತನಿಖೆ ಸಿಐಡಿ ಇಲ್ಲಾ ಬ್ಯಾರೆ ಠಾಣೆಯವರು ಮಾಡಬೇಕು, ಘಟನಾ ಆದ ಬೆನ್ನಿಗೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡಬಾರದು. ಗುಂಡಿನ ಸಪ್ಪಳ ಮೂರು ಪುಟ ಬರಿಯೂವರು ಇದನ್ನ ಮೂರು ಸಾಲು ಬರದ್ರ ಏನು ಹೋಗ್ತೈತಿ?

ಇನ್ನೊಂದು. ‘ವಿಚಾರಣೆ ವೇಳೆ ತಪ್ಪೊಪ್ಪಿಕೊಂಡಿದ್ದಾನೆ’ ಅಂತ ದಿನಾ ಓದ್ತೀವಿ. ಪೊಲೀಸರ ಮುಂದ ಒಪ್ಪಿಕೊಂಡದ್ದನ್ನ ಅವನ ವಿರುದ್ಧ ಪುರಾವೆ ಅಂತ ಕೋರ್ಟ್ ತಗೊಳ್ಳೂದಿಲ್ರೀ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯೊಳಗೂ ಇದ ಇತ್ತು, 2024ರ ಜುಲೈ 1ಕ್ಕ ಬಂದ ಹೊಸ ಸಾಕ್ಷ್ಯ ಕಾನೂನಿನ 23ನೇ ಕಲಂದಾಗೂ ಐತಿ. ಹೊಡತಕ್ಕ ಹೆದರಿ ಯಾವನಾದ್ರೂ ಏನ ಬೇಕಾದ್ರೂ ಒಪ್ಪತಾನ ಅಂತ ಬ್ರಿಟಿಷರಿಗೂ ಗೊತ್ತಿತ್ತು. ಆದ್ರ ಆ ಒಂದ್ ಸಾಲು ಓದಿದ್ಮ್ಯಾಲ ನಮ್ಮ ಕಟ್ಟಿ ಮ್ಯಾಲ ಕೇಸು ಖಲಾಸ್.

ಕೋರ್ಟಿನ ವರಾಂಡ ಯಾರೂ ಬರಿಯೂದಿಲ್ಲ. ಅಲ್ಲಿ ಗುಂಡಿಲ್ಲ, ಜೀಪಿಲ್ಲ, ಬರೇ ತಾರೀಖು. ಹೋದ ತಿಂಗಳ ನಮ್ಮ ಹೊಲದ ಕೆಲಸಕ್ಕ ಕೋರ್ಟಿಗೆ ಹೋದಾಗ ಒಬ್ಬ ಮುತ್ಯಾ ಬಾಜೂಕ ಕುಂತಿದ್ದ. ಮೊಮ್ಮಗನ ಕೊಲಿ ಕೇಸು, ಇವ ಸಾಕ್ಷಿ. ಮುಂಜಾನೆ ಮೊದಲ ಬಸ್ಸಿಗೆ ಬಂದಾನ, ಬುತ್ತಿ ಕಟಗೊಂಡು. ಮಧ್ಯಾಹ್ನ ವಕೀಲರು ಬಂದು ‘ಮುತ್ಯಾ, ತಾರೀಖು ಮುಂದ ಹೋತು’ ಅಂದ್ರು. ಯಾಕಂತ ಅವನೂ ಕೇಳಲಿಲ್ಲ. ಬುತ್ತಿ ಬಿಚ್ಚಿ ನನಗೊಂದು ರೊಟ್ಟಿ ಕೊಟ್ಟ. ಉಂಡು, ಹೊಸಾ ತಾರೀಖು ಬರದಿದ್ದ ಚೀಟಿ ಟೊಪಗಿಯೊಳಗ ಇಟಗೊಂಡು ಬಸ್‌ಸ್ಟ್ಯಾಂಡ್ ಕಡೆ ನಡದ.