ಅಪ್ಪನ ಕೈಗೆ ರೂಢಿಯಾದ ಡೆಸ್ಕ್‌ಟಾಪ್

ನಮಸ್ಕಾರ್ರೀ. ಬಾಗಲಕೋಟಿ ನವನಗರದಾಗ ನಮ್ಮಪ್ಪಂದೊಂದು ಝೆರಾಕ್ಸ್ ಅಂಗಡಿ ಐತಿ. ಅಲ್ಲಿರೋ ಕಂಪ್ಯೂಟರ್‌ಗೆ 2 ಜಿಬಿ ರ್‍ಯಾಮ್. 2010ರಾಗ ಹಾಕಿದ ಲಿನಕ್ಸ್ (ವಿಂಡೋಸ್‌ನಂಗ ಕಂಪ್ಯೂಟರ್ ನಡಸೋ ಸಿಸ್ಟಮ್), ಅದರ ಮ್ಯಾಲ ಸ್ಕ್ರೀನ್‌ನಾಗ ಕಾಣೋದು ಗ್ನೋಮ್ 2 ಅನ್ನೋ ಡೆಸ್ಕ್‌ಟಾಪ್. ಈಗಿನ ಸೈಟ್ ಒಂದೂ ತೆರೀವಲ್ಲವು ಅಂತ ಹೋದ ವರ್ಷ ನಾನು ಹೊಸಾ ಲಿನಕ್ಸ್ ಹಾಕಿದೆ, ನನಗ ಚಂದ ಕಂಡ ಡೆಸ್ಕ್‌ಟಾಪ್ ಜೋಡಿ.

ಮರುದಿನ ಮುಂಜಾನೆ ಗಿರಾಕಿ ನಿಂತಾರ. ಅಪ್ಪನ ಮೌಸ್ ಎಡಕ್ಕ ಮ್ಯಾಲಿನ ಮೂಲಿಗೆ ಹೋತು. ಅಲ್ಲಿ ಮೆನು ಇಲ್ಲ. "ಇಲ್ಲೇ ಇತ್ತಲ್ಲೋ" ಅಂದ್ರು.

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟಿ ಮನಿ ಹೋದ ಮ್ಯಾಲ, ನಮ್ಮಜ್ಜಿ ಹೊಸಾ ಮನ್ಯಾಗ ರಾತ್ರಿ ಗ್ವಾಡಿ ಸವರಿಕೋತ ಸ್ವಿಚ್ ಹುಡುಕ್ತಿದ್ಲು. ಮುಳುಗಿದ ಮನಿ ದುಃಖ ಬ್ಯಾರೆ, ಅದನ್ನ ನಾನು ಇದಕ್ಕ ಹೋಲಸಂಗಿಲ್ಲ. ಆದ್ರ ಕೈಗೂ ಒಂದು ನೆನಪು ಇರತೈತಿ, ಅದನ್ನ ಅವತ್ತು ಅಪ್ಪನ ಕೈಯಾಗ ಕಂಡೆ.

ಲಿನಕ್ಸ್, ಫ್ರೀಬಿಎಸ್‌ಡಿ ಇಂಥವುಗಳೊಳಗ ಕಂಪ್ಯೂಟರ್ ನಡಸೋ ಸಿಸ್ಟಮ್ ಬ್ಯಾರೆ, ಡೆಸ್ಕ್‌ಟಾಪ್ ಬ್ಯಾರೆ. ಪ್ಯಾನೆಲ್ (ಸ್ಕ್ರೀನ್ ಅಂಚಿನ ಪಟ್ಟಿ), ಮೆನು, ಫೈಲ್ ಮ್ಯಾನೇಜರ್ ಇರೋ ಈ ಗಂಟನ್ನ ತಗದು ಇನ್ನೊಂದು ಇಡಬಹುದು. 2011ರ ಏಪ್ರಿಲ್‌ನಾಗ ಗ್ನೋಮ್ 3 ಬಂದಾಗ ಹಳೇ ಮೆನು ಹೋತು, ಕೆಳಗಿನ ಪ್ಯಾನೆಲ್ ಹೋತು, ಮಿನಿಮೈಜ್ ಬಟನ್ ಸೈತ ಹೋತು. ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಸಿಟ್ಟಿಗೆದ್ದು, ಇನ್ನೊಂದು ಹಗುರ ಡೆಸ್ಕ್‌ಟಾಪ್ ಆದ ಎಕ್ಸ್‌ಎಫ್‌ಸಿಇ ಹಿಡಿದ್ರು. ಮುಂದ 2013ರ ಹೊತ್ತಿಗೆ ಮರಳಿ ಗ್ನೋಮ್‌ಗೇ ಬಂದ್ರು ಅನ್ನೋದನ್ನೂ ಹೇಳಬೇಕು. ಗ್ನೋಮ್ ಮಾಡಿದವರು ತಪ್ಪು ಮಾಡಿದ್ರು ಅಂತ ನಾನು ಅನ್ನಂಗಿಲ್ಲ.

ನನಗ ದೊಡ್ಡದು ಅನಸೋದು ಮತ್ತೊಂದು. ಅದೇ 2011ರಾಗ ಅರ್ಜೆಂಟೀನಾದ ಒಬ್ಬ ಬಳಕೆದಾರ ಗ್ನೋಮ್ 2ರ ಕೋಡ್ ತಗೊಂಡು ತಾನೇ ಮುಂದುವರಿಸಾಕ ನಿಂತ. ಗ್ನೋಮ್‌ನ ಮುಕ್ತ ಲೈಸೆನ್ಸ್ ಯಾರಿಗಾದ್ರೂ ಆ ಹಕ್ಕು ಕೊಟ್ಟಿತ್ತು. ತಮ್ಮ ಕಡೆ ಚಹಾದಂಗ ಕುಡಿಯೋ ಎಲಿ ಹೆಸರಿಟ್ಟ: ಮಾಟೆ. ಗ್ನೋಮ್, ಮಾಟೆ ಎರಡೂ ಒಂದೇ ಕಂಪ್ಯೂಟರ್‌ನಾಗ ಕೂಡಿ ಇರಲಿ ಅಂತ ಒಳಗಿನ ಆ್ಯಪ್‌ಗಳ ಹೆಸರೂ ಬದಲಾದವು: ಫೈಲ್ ಮ್ಯಾನೇಜರ್ ನಾಟಿಲಸ್ ಹೋಗಿ ಕಾಹಾ ಆತು, ಬರಿಯೋ ಎಡಿಟರ್ ಜಿಎಡಿಟ್ ಹೋಗಿ ಪ್ಲೂಮಾ ಆತು. ಬಟನ್, ಮೆನು ಬಿಡಿಸೋ ಒಳಗಿನ ಕೋಡ್ ಗಂಟು ಜಿಟಿಕೆ 2 ಹಳೇದಾತು, ಅದನ್ನ ತುಣುಕು ತುಣುಕಾಗಿ ಜಿಟಿಕೆ 3ಕ್ಕ ಸಾಗಿಸಿ ಮುಗಿಸೋದು 2017ರ ತನಕ ನಡೀತು. ಹೊರಗ ಏನೂ ಬದಲಾಗಬಾರ್ದು ಅಂತ ಒಳಗ ಇಷ್ಟು ದುಡಿದಾರ! "ಹಳೇದು, ಬಿಡ್ರಿ" ಅನ್ನೋರಿಗೆ ಈ ದುಡಿಮಿ ಕಾಣಂಗಿಲ್ಲ.

ಅಪ್ಪಗ ಮಾಟೆ ಹಾಕಿಕೊಟ್ಟೆ. ಗಿರಾಕಿ ಜೋಡಿ ಮಾತಾಡಿಕೋತನ ಪ್ರಿಂಟ್ ಕೊಟ್ರು.

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಬೆಂಬಲ ಮುಗೀತು. ನಮ್ಮ ಕಡೆ ಅಂಗಡಿ, ಸಾಲಿಗಳೊಳಗ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಾಕ ಹೋಗೋ ತಮ್ಮಂದಿರಿಗೆ ನಂದೊಂದು ಕೋರಿಕಿ. ಪೆನ್‌ಡ್ರೈವ್ ಹಚ್ಚೂಕಿಂತ ಮೊದಲ ಅವರ ಬಾಜೂಕ ಕೂಡ್ರಿ, ಅವರ ಕೈ ಎಲ್ಲಿಗೆ ಹೋಗತೈತಿ ನೋಡ್ರಿ. ಕೆಳಗ ಎಡಕ್ಕ ಹೋತಾ? ಮೆನು ಅಲ್ಲೇ ಇರೋ ಸಿನಮನ್ ಡೆಸ್ಕ್‌ಟಾಪ್ ಹಾಕ್ರಿ. ರ್‍ಯಾಮ್ ಕಡಿಮಿ ಇದ್ರ ಎಕ್ಸ್‌ಎಫ್‌ಸಿಇ ಹಾಕಿ, ಪ್ಯಾನೆಲ್ ಕೆಳಗ ಇಳಿಸಿ ಕೊಟ್ಟು ಬರ್ರಿ.